ತುಪ್ಪು, ತುಪ್ಪ, ಉಪ್ಪು ಕಾಗದ

ಬಣ್ಣದ ಕೆಲಸಕ್ಕೆ ಸೇರುವವರಿಗೆ ಯಾರೂ ಮೊದಲೇ ಹೇಳದ ಸಂಗತಿಯೆಂದರೆ, ಈ ಕೆಲಸದಲ್ಲಿ ಬಣ್ಣ ಹಚ್ಚುವುದು ಬಹಳ ಕಡಿಮೆ. ಹೊತ್ತೆಲ್ಲ ಕಳೆಯುವುದು ಕೆರೆಯುವುದರಲ್ಲಿ, ಉಜ್ಜುವುದರಲ್ಲಿ, ಒರೆಸುವುದರಲ್ಲಿ, ಆಮೇಲೆ ಒಣಗಲಿ ಎಂದು ಸುಮ್ಮನೆ ಕಾಯುವುದರಲ್ಲಿ. ನನಗೆ ಈ ಕಾಯುವ ಭಾಗವೇ ಹೆಚ್ಚು ಹಿಡಿಸಿತ್ತು. ಹಸಿ ಬಣ್ಣದ ಮುಂದೆ ಕೂತು, ಅದರ ಹೊಳಪು ಮೆಲ್ಲಗೆ ಒಳಕ್ಕೆ ಇಳಿಯುವುದನ್ನು ನೋಡುತ್ತಿದ್ದರೆ ಊಟದ ಹೊತ್ತೂ ಮರೆತುಹೋಗುತ್ತಿತ್ತು. ನಮ್ಮ ಮೇಸ್ತ್ರಿ ನನ್ನನ್ನು 'ಪಗಟಿ ಕಲಲವಾಡು' ಎಂದು ಕರೆಯುತ್ತಿದ್ದರು. ತೆಲುಗಿನಲ್ಲಿ ಹಗಲುಗನಸಿನವನು ಎಂದರ್ಥ. ಅವರು ಬೈಗುಳವೆಂದೇ ಅಂದದ್ದು, ನಾನು ಬೇಜಾರು ಮಾಡಿಕೊಳ್ಳಲಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದಲ್ಲಿ, ಉರಿಗಾಂ ಕಡೆಯ ಒಂದು ಚಿನ್ನದ ಗಣಿಯ ವರ್ಕ್‌ಶಾಪಿನ ಬಣ್ಣದ ಶೆಡ್ಡಿಗೆ. ನಮ್ಮ ಮನೆ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ. ಬೆಳಗ್ಗೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿ ಹತ್ತಿ, ಕಿಟಕಿ ಪಕ್ಕ ಜಾಗ ಹಿಡಿದು ಕೂತರೆ, ಸ್ವಲ್ಪ ಹೊತ್ತಿಗೆ ಸೈನೈಡ್ ದಿಬ್ಬಗಳು ಕಾಣಿಸುತ್ತಿದ್ದವು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ತಂದು ಸುರಿದು ಸುರಿದು ಆದ ಗುಡ್ಡಗಳು ಅವು. ಎಳೆಬಿಸಿಲಿನಲ್ಲಿ ಒಂದು ಗುಡ್ಡ ಕೆನೆಯ ಬಣ್ಣ, ಅದರ ಹಿಂದಿನದು ತಿಳಿ ನೇರಳೆ. ಆ ಬಣ್ಣಗಳು ಯಾವ ಡಬ್ಬಿಗಳನ್ನು ಬೆರೆಸಿದರೆ ಬರುತ್ತವೆ ಎಂದು ಯೋಚಿಸುತ್ತಾ ಕೂತು, ಇಳಿಯಬೇಕಾದ ಸ್ಟೇಷನ್ ದಾಟಿ ಮಾರಿಕುಪ್ಪಂವರೆಗೂ ಹೋದದ್ದುಂಟು. ಅಲ್ಲಿಂದ ನಡೆದುಕೊಂಡು ವಾಪಸ್ ಬರುವಷ್ಟರಲ್ಲಿ ಗಣಿಯ ಸಂಗು ಕೂಗಿ ಮುಗಿದಿರುತ್ತಿತ್ತು. ಸೈರನ್ನಿಗೆ ಅಲ್ಲಿ ಎಲ್ಲರೂ ಸಂಗು ಎನ್ನುತ್ತಿದ್ದರು.

ಶೆಡ್ಡಿನ ಯಜಮಾನಿಕೆ ಓಬಯ್ಯ ಮೇಸ್ತ್ರಿಯವರದು. ಕುಪ್ಪಂ ಕಡೆಯವರು. ಬಾಯಿ ತುಂಬ ತೆಲುಗು, ನಡುನಡುವೆ ತಮಿಳು, ನನ್ನಂಥವರು ಸಿಕ್ಕರೆ ಚೂರು ಕನ್ನಡ. ಮೊದಲ ದಿನ ಅವರು ಒಂದು ಸಣ್ಣ ಚಕ್ರವನ್ನು ನನ್ನ ಮುಂದಕ್ಕೆ ಉರುಳಿಸಿ ಅಂದರು: "ಒರೇ ನಂಜಾ, ಈ ರಿಮ್ಮುಕು ತುಪ್ಪು ಪಟ್ಟಿಂದಿ. ರೇಪು ತುಪ್ಪು ಸಂಗತಿ ನುವ್ವೇ ಚೂಡು."

ನನಗೆ ತೆಲುಗು ಬಾರದೆ ಏನಿಲ್ಲ, ನಮ್ಮ ಸೀಮೆಯಲ್ಲಿ ಯಾರಿಗೆ ತಾನೇ ಬಾರದು. ನಾಳೆ ತುಪ್ಪದ ವಿಚಾರ ನೀನೇ ನೋಡಿಕೋ ಎಂದು ಅರ್ಥ ಮಾಡಿಕೊಂಡೆ. ತೆಲುಗಿನಲ್ಲಿ ತುಪ್ಪಕ್ಕೆ ನೆಯ್ಯಿ ಅನ್ನುತ್ತಾರೆಂದು ಗೊತ್ತಿತ್ತು. ಆದರೆ ಹೊಸಬನಿಗೆ ತಿಳಿಯಲಿ ಎಂದು ಪಾಪ ಮೇಸ್ತ್ರಿ ಕನ್ನಡ ಬೆರೆಸಿದ್ದಾರೆ ಅಂದುಕೊಂಡೆ. ತುಕ್ಕಿಗೆ ಅವರು ತುಪ್ಪು ಅನ್ನುತ್ತಾರೆಂದು ನನಗೆ ಯಾರು ಹೇಳಿದ್ದರು? ಮಾರನೆಯ ದಿನ ಅವ್ವನನ್ನು ಕಾಡಿ ಬೇಡಿ ಒಂದು ಗಿಂಡಿಯಲ್ಲಿ ಎಮ್ಮೆ ತುಪ್ಪ ತಂದೆ. ಕಬ್ಬಿಣಕ್ಕೆ ತುಪ್ಪ ಸವರಿದರೆ ಬಣ್ಣ ಚೆನ್ನಾಗಿ ಕೂರುತ್ತದೇನೋ, ದೊರೆಗಳ ಗಣಿ, ಏನು ಬೇಕಾದರೂ ಮಾಡಿಯಾರು.

ಮೇಸ್ತ್ರಿ ಗಿಂಡಿಯ ಮುಚ್ಚಳ ತೆಗೆದು ಮೂಸಿ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಬೆಂಚಿನ ತಮಿಳಿನವನು ಏನಾಯಿತೆಂದು ಕೇಳಿ, ತಾನು ಸೇರಿದ ಹೊಸದರಲ್ಲಿ ಮೇಸ್ತ್ರಿ ತುಪ್ಪು ಅಂದಾಗ ರಿಮ್ಮಿನ ಮೇಲೆ ಉಗಿದಿದ್ದೆ ಎಂದ. ಅವರ ಮಾತಿನಲ್ಲಿ ತುಪ್ಪು ಅಂದರೆ ಉಗಿ. ಸಾಲದ್ದಕ್ಕೆ ಮೇಸ್ತ್ರಿ ನನ್ನ ಕೈಗೆ ಒಂದು ಮರಳಿನ ಹಾಳೆ ಕೊಟ್ಟು "ಇದಿ ಉಪ್ಪು ಕಾಗಿತಂ" ಅಂದರು. ತುಪ್ಪ ಆಯಿತು, ಉಪ್ಪೂ ಬಂತು, ಇದು ಬಣ್ಣದ ಶೆಡ್ಡೋ ಅಡುಗೆಮನೆಯೋ ಎಂದು ತಲೆ ಕೆಟ್ಟು ಕೇಳಿಯೇಬಿಟ್ಟೆ.

ಆ ಚಕ್ರ ತಂದವನು ಮುನಿಯಪ್ಪ, ನನಗೆ ಮುನಿಯಣ್ಣ. ಗಣಿಯವರ ಕ್ಲಬ್ಬಿನ ಮೈದಾನಕ್ಕೂ ಬಂಗಲೆಗಳ ತೋಟಕ್ಕೂ ಒಂದು ಪುಟ್ಟ ಟ್ರ್ಯಾಕ್ಟರ್ ಇತ್ತು, ಹುಲ್ಲು ಕತ್ತರಿಸುವ ಮಿಷನ್ನನ್ನೋ ಮೈದಾನದ ರೋಲರನ್ನೋ ಎಳೆಯುವುದಕ್ಕೆ. ಯುದ್ಧಕ್ಕೂ ಮೊದಲೇ ಹಡಗಿನಲ್ಲಿ ಮದರಾಸಿಗೆ ಬಂದು ಅಲ್ಲಿಂದ ರೈಲಿನಲ್ಲಿ ಬಂದದ್ದು. ಕೂತರೆ ಕಾಲು ನೆಲಕ್ಕೆ ತಾಗುತ್ತದೇನೋ ಅನ್ನುವಷ್ಟು ಕುಳ್ಳು. ಅದನ್ನು ಓಡಿಸುತ್ತಿದ್ದವನು ಮುನಿಯಣ್ಣ. ಅವನು ಮೊದಲು ಅಂಡರ್‌ಗ್ರೌಂಡಿನಲ್ಲಿ ಬಂಡೆಗೆ ತೂತು ಕೊರೆಯುತ್ತಿದ್ದವನು. ಕಲ್ಲಿನ ಧೂಳು ಎದೆಯಲ್ಲಿ ಕೂತು ಕೆಮ್ಮು ಹಿಡಿಯಿತು. ಮೇಲಿನ ಹಗುರ ಕೆಲಸ ಕೊಡಬೇಕೆಂದು ಡಾಕ್ಟರು ಹೇಳಿದ್ದರಿಂದ ಟ್ರ್ಯಾಕ್ಟರಿಗೆ ಹಾಕಿದ್ದರು.

ಆ ದಿನ ಮೇಸ್ತ್ರಿ ತುಪ್ಪದ ಗಿಂಡಿಯನ್ನು ಅವನ ಕೈಗಿಟ್ಟರು. ಮುನಿಯಣ್ಣ ಮಧ್ಯಾಹ್ನ ಬಿಸಿ ಮುದ್ದೆಗೆ ಹಾಕಿಕೊಂಡು ಉಂಡ. "ನಿಮ್ಮವ್ವ ಪುಣ್ಯಾತ್ಗಿತ್ತಿ ಕಣ್ಲಾ," ಅಂದ. "ಎದೆ ಒಸಿ ನೆನೀತು." ಅಂದಿನಿಂದ ತುಕ್ಕಿಗೆ ಅವನು ತುಪ್ಪ ಎಂದೇ ಅನ್ನುತ್ತಿದ್ದ. "ನಂಜಾ, ಹಿಂದಿನ ಚಕ್ರಕ್ಕೆ ತುಪ್ಪ ಬಂದೈತೆ, ಬಂದು ನೋಡ್ಲಾ," ಎಂದು ದೂರದಿಂದಲೇ ಕೂಗಿ ನನ್ನ ಮಾನ ಕಳೆಯುತ್ತಿದ್ದ.

ನಮ್ಮ ಶೆಡ್ಡಿನ ಹೊರಗೆ ಒಂದು ಬೇವಿನ ಮರವಿತ್ತು. ಕೆಲಸವಿಲ್ಲದ ಹೊತ್ತಿನಲ್ಲಿ ಅವನು ಅದರ ಕೆಳಗೆ ಬಂದು ಕೂರುತ್ತಿದ್ದ. ಮುಖವನ್ನು ಮೇಲಕ್ಕೆತ್ತಿ, ಕಣ್ಣು ಅರೆ ಮುಚ್ಚಿ, ಬಿಸಿಲು ಬೀಳಲು ಬಿಡುತ್ತಿದ್ದ. ನನಗೆ ಅವನು ಇಷ್ಟವಾದದ್ದು ಇದಕ್ಕೇ. ಸುಮ್ಮನೆ ಕೂರುವುದನ್ನು ಅವನಷ್ಟು ಚೆನ್ನಾಗಿ ಬಲ್ಲವರನ್ನು ನಾನು ನೋಡಿಲ್ಲ. ಒಮ್ಮೆ ಕೇಳಿದೆ, ಕೆಳಗೆ ಚಿನ್ನ ಹೇಗಿರುತ್ತದೆ ಎಂದು.

"ಯಾವನ್ಲಾ ಕಂಡೋನು?" ಅಂದ. "ಕಲ್ಲು, ಕತ್ಲು, ಬೆವರು. ಅಷ್ಟು ವರ್ಸ ಕೊರದ್ನಲ್ಲಾ, ಒಂದ್ ಕಿತ ಕಣ್ಗೆ ಬೀಳ್ಲಿಲ್ಲ. ಕಲ್ಲು ಅರದು ಪುಡಿ ಮಾಡಿದ್ ಮೇಲೆ ಎಲ್ಲೋ ಬತ್ತದಂತೆ. ನಮ್ಗೆಲ್ಲಿ ಕಾಣುತ್ತೆ."

ಹೊಸಬರು ತಿಳಿದುಕೊಳ್ಳಬೇಕಾದದ್ದು ಇಲ್ಲೊಂದಿದೆ. ಚಕ್ರದ ತುಕ್ಕು ಹೊರಗೆ ಕಾಣುವುದಲ್ಲ. ಟೈರು ಮುಚ್ಚಿಕೊಂಡ ಭಾಗದಲ್ಲಿ ಮೈದಾನದ ನೀರು ಸೇರಿ, ಹೊರಗೆ ಹೋಗಲು ದಾರಿ ಇಲ್ಲದೆ, ಅಲ್ಲೇ ಕೂತು ಕಬ್ಬಿಣವನ್ನು ತಿನ್ನುತ್ತದೆ. ಹಕ್ಕಳೆ ಏಳುತ್ತದೆ. ಆ ಹಕ್ಕಳೆಯ ಅಂಚು ಒಳಗಿನ ಟ್ಯೂಬನ್ನು ಕೊಯ್ಯುತ್ತದೆ. ಹೊರಗಿನಿಂದ ನೋಡಿದರೆ ಚಕ್ರ ಮದುಮಗನ ಹಾಗೆ ಇರುತ್ತದೆ, ಗಾಳಿ ಮಾತ್ರ ನಿಲ್ಲುವುದಿಲ್ಲ. ನಾವು ಅಷ್ಟು ದಿನ ಹೊರಗಷ್ಟೇ ಉಜ್ಜಿ ಬಣ್ಣ ಹಚ್ಚುತ್ತಿದ್ದೆವು. ಟೈರು ಬಿಚ್ಚಿ ಮಾಡಿ ಎಂದು ಯಾರೂ ಹೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

ಹೀಗಾಗಿ ಟ್ರ್ಯಾಕ್ಟರು ಮೇಲಿಂದ ಮೇಲೆ ನಿಲ್ಲತೊಡಗಿತು. ಅಷ್ಟರಲ್ಲಿ ದೊರೆಗಳ ಕಾಲ ಮುಗಿದು ನಮ್ಮವರೇ ಸಾಹೇಬರಾಗಿ ಬಂದಿದ್ದರು. ಗಾಡಿಗಳನ್ನು ನೋಡಿಕೊಳ್ಳಲು ಬಂದ ಸಾಹೇಬರು ಶುಭ್ರವಾದ ಮನುಷ್ಯ. ಟರ್ಪೆಂಟೈನ್ ವಾಸನೆಗೆ ತಲೆನೋವು ಬರುತ್ತದೆಂದು ನಮ್ಮ ಶೆಡ್ಡಿನೊಳಗೆ ಕಾಲಿಡುತ್ತಿರಲಿಲ್ಲ, ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದರು. ಕೆಟ್ಟವರಲ್ಲ. ಆದರೆ ಎಲ್ಲವೂ ಒಂದೇ ಥರ ಇರಬೇಕು ಅವರಿಗೆ. ಒಂದು ದಿನ ಬಾಗಿಲಲ್ಲಿ ನಿಂತು ಹೇಳಿದರು:

"ನೋಡಿ ಓಬಯ್ಯ, ಕ್ಲಬ್ ಮೈದಾನದಲ್ಲಿ ಆಟೋಟ ಇದೆ. ಅದಕ್ಕೆ ಮುಂಚೆ ರೋಲರ್ ಎಳೀಬೇಕು. ಈ ಸಲವೂ ಟ್ರ್ಯಾಕ್ಟರ್ ಮಧ್ಯದಲ್ಲಿ ನಿಂತರೆ ಗುಜರಿಗೆ ಬರೆದುಬಿಡ್ತೀನಿ. ಎಷ್ಟು ಸಲ ಅಂತ ಟ್ಯೂಬ್ ಕೊಡೋದು?"

ಮೇಸ್ತ್ರಿ ಮೆಲ್ಲಗೆ ಕೇಳಿದರು: "ಮುನಿಯಪ್ಪ ಸಂಗತಿ ಏಮಿ ಸಾರ್?"

"ಬೇರೆ ಹಗುರ ಕೆಲಸ ಈಗ ಖಾಲಿ ಇಲ್ಲ. ಮೊದಲಿದ್ದ ಕಡೆಗೇ ಹೋಗಬೇಕು. ಆಗಲ್ಲ ಅಂದರೆ ಗಣಿಯವರು ಕೊಟ್ಟ ಲೈನ್ ಮನೆ ಬಿಟ್ಟುಕೊಟ್ಟು ಊರಿಗೆ ಹೋಗಬಹುದು. ನಾನೇನು ಮಾಡಲಿ?"

ಮುನಿಯಣ್ಣ ಬೇವಿನ ಮರದ ಕೆಳಗಿದ್ದ. ಕೇಳಿಸಿತ್ತು. ಸಾಹೇಬರು ಹೋದ ಮೇಲೆ ಒಳಗೆ ಬಂದು ನಿಂತ. ಅವನ ಊರಿನಲ್ಲಿ ಹಿಡಿ ಮಣ್ಣೂ ಇರಲಿಲ್ಲ, ಹೆಂಡತಿ ಮಕ್ಕಳೆಲ್ಲ ಆ ಲೈನ್ ಮನೆಯಲ್ಲೇ. ಕೊನೆಗೆ ಅಂದ: "ಕೆಳಕ್ಕೆ ಓದ್ರೆ ನಾನು ಮತ್ತೆ ಮೇಲಕ್ಕೆ ಬರಾಕಿಲ್ಲ ನಂಜಾ. ನನ್ಗೆ ಗೊತ್ತೈತೆ."

ಅವನು ಸುಳ್ಳು ಹೇಳುವವನಲ್ಲ.

ಮಾರನೆಯ ದಿನವೇ ನಾಲ್ಕೂ ಚಕ್ರ ಬಿಚ್ಚಿದೆವು. ಟೈರುಗಳನ್ನು ಕಿತ್ತು ನೋಡಿದರೆ ಒಳಗೆ ಸೀದ ರೊಟ್ಟಿಯ ಹಾಗೆ ಪದರ ಪದರ ತುಕ್ಕು. ಮೇಸ್ತ್ರಿ ತಲೆ ಮೇಲೆ ಕೈ ಹೊತ್ತುಕೊಂಡರು. ಉಳಿಯಿಂದ ಮೀಟಿ, ತಂತಿ ಬ್ರಷ್ಷಿನಿಂದ ಉಜ್ಜಿ, ಉಪ್ಪು ಕಾಗದ ತಿಕ್ಕಿ, ಕೈ ಬೊಬ್ಬೆ ಬಂದರೂ ಗುಳಿಗಳ ಆಳದಲ್ಲಿದ್ದದ್ದು ಬರಲಿಲ್ಲ. ಆಗ ನನಗೆ ಅವ್ವ ಹಿತ್ತಾಳೆ ಪಾತ್ರೆ ಬೆಳಗುವುದು ನೆನಪಾಯಿತು. ಬಂಗಾರಪೇಟೆ ಸಂತೆಯಿಂದ ಹಳೆ ಹುಣಸೆಹಣ್ಣು ತಂದು, ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ಕಿವುಚಿ, ರಿಮ್ಮುಗಳನ್ನು ನೆನೆಹಾಕಿದೆ. ಮೇಸ್ತ್ರಿ ಬಂದು ನೋಡಿ, "ತುಪ್ಪ ಆಯ್ತು, ಉಪ್ಪು ಆಯ್ತು, ಈಗ ಪುಳುಸಾ, ಹುಳಿಯಾ?" ಎಂದು ನನ್ನ ಕನ್ನಡವನ್ನೇ ನನಗೆ ತಿರುಗಿಸಿ ಕೊಟ್ಟರು.

ಹುಣಸೆ ಕೆಲಸ ಮಾಡಿತು. ತೆಗೆದು ತೊಳೆದಾಗ ಕಬ್ಬಿಣ ಬೆಳ್ಳಗೆ, ಎಳೆಮಗುವಿನ ಉಗುರಿನಷ್ಟು ಶುದ್ಧವಾಗಿ ಹೊಳೆಯಿತು. ನಾನು ಅದನ್ನು ನೋಡುತ್ತಾ ಕೂತೆ. ನೋಡುತ್ತಾ ಕೂತದ್ದೇ ಎಡವಟ್ಟಾಯಿತು. ಹುಳಿಯನ್ನು ಪೂರ್ತಿ ತೆಗೆಯದೆ, ಒಣಗಿಸದೆ, ಹಾಗೇ ಬಿಟ್ಟು ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ಇಡೀ ರಿಮ್ಮು ಅರಿಶಿನ ಕುಂಕುಮ ಮೆತ್ತಿದ ಹಾಗೆ ಹೊಸ ತುಕ್ಕು ಹಿಡಿದು ಕೂತಿತ್ತು. ಮೇಸ್ತ್ರಿ ಅಂದು ಮೂರು ಭಾಷೆಯಲ್ಲೂ ಬೈದರು. ನೀವು ಈ ತಪ್ಪು ಮಾಡಬೇಡಿ. ಹುಳಿಯಿಂದ ತೆಗೆದ ತಕ್ಷಣ ಬೂದಿ ನೀರಿನಲ್ಲಿ ತೊಳೆಯಬೇಕು, ಬಿಸಿಲಿಗಿಟ್ಟು ಒರೆಸಬೇಕು, ಟರ್ಪೆಂಟೈನ್ ಬಟ್ಟೆಯಲ್ಲಿ ಮತ್ತೆ ಒರೆಸಬೇಕು, ಹೊತ್ತು ಮುಳುಗುವ ಮೊದಲು ರೆಡ್ ಲೆಡ್ಡಿನ ಕೆಂಪು ತಳಬಣ್ಣ ಬಿದ್ದಿರಬೇಕು. ಬರಿಮೈ ಕಬ್ಬಿಣವನ್ನು ಒಂದು ರಾತ್ರಿಯೂ ನಂಬಬಾರದು.

ಎರಡನೆಯ ಸಲ ಕೆರೆಯುವುದಕ್ಕೆ ಮುನಿಯಣ್ಣನೂ ಬಂದು ಕೂತ. ಬೇಡವೆಂದರೂ ಕೇಳಲಿಲ್ಲ. ಮೂಗಿಗೆ ವಲ್ಲಿಬಟ್ಟೆ ಕಟ್ಟಿಕೊಂಡು, ರಿಮ್ಮಿನ ಹೊರಮೈಯ ಹಳೆ ಬಣ್ಣವನ್ನು ಮೆಲ್ಲಗೆ ಕೆರೆಯುತ್ತಿದ್ದ. ಬೂದು ಪದರ ಹೋಯಿತು. ಅದರ ಕೆಳಗೆ ಯುದ್ಧದ ಕಾಲದ ಮಣ್ಣಿನ ಬಣ್ಣ. ಅದರ ಕೆಳಗೆ ಹಸಿರು. ಒಂದೊಂದು ಪದರ ಬಂದಾಗಲೂ ನಾವಿಬ್ಬರೂ ಬಗ್ಗಿ ನೋಡುತ್ತಿದ್ದೆವು. ಎಲ್ಲಕ್ಕೂ ಕೆಳಗೆ, ಉಗುರಿನಗಲ, ಹಳದಿ ಕಾಣಿಸಿತು.

ಮುನಿಯಣ್ಣನ ಕೈ ನಿಂತಿತು. "ಇದೇ ಕಣ್ಲಾ," ಅಂದ. "ನಾನು ಮೊದ್ಲು ಕೆಲ್ಸಕ್ಕೆ ಅಂತ ಊರಿಂದ ಬಂದಾಗ ಈ ಗಾಡಿ ಇಂಗೇ ಇತ್ತು. ಅಳದಿ ಚಕ್ರ. ಉಚ್ಚೆಳ್ಳು ಹೂವಿನಂಗೆ. ಕ್ಲಬ್ಬಿನ ಬೇಲಿ ತಾವ ನಿಂತು ನೋಡ್ತಾನೇ ಇದ್ದೆ. ಮಾರ್ನೆ ದಿನ ಕೇಜ್ನಾಗೆ ಗಣಿ ಒಳಕ್ಕಿಳಿಸಿದ್ರು. ಇಳಿಯೋವಾಗ ಕಣ್ಮುಂದೆ ಅದೇ ತಿರುಗ್ತಿತ್ತು."

ಅವನು ಹೇಳಿ ಮುಗಿಸುವಷ್ಟರಲ್ಲಿ ನೆಲ ನಡುಗಿತು. ಡಬ್ಬಿಗಳು ಒಂದಕ್ಕೊಂದು ತಾಗಿ ಗಲಗಲ ಅಂದವು. ಕೆಳಗೆಲ್ಲೋ ಬಂಡೆ ಸಿಡಿದಿತ್ತು. ಆ ಊರಿನಲ್ಲಿ ಅದು ಹೊಸದೇನಲ್ಲ, ಮನೆಗಳಲ್ಲಿ ಹಾಲು ಚೆಲ್ಲದಂತೆ ಪಾತ್ರೆ ಹಿಡಿದುಕೊಂಡು ಸುಮ್ಮನಾಗುತ್ತಿದ್ದರು. ಮುನಿಯಣ್ಣ ಮಾತ್ರ ಅಂಗೈಯನ್ನು ನೆಲಕ್ಕೆ ಒತ್ತಿ, ತಲೆ ತಗ್ಗಿಸಿ, ಎಷ್ಟೋ ಹೊತ್ತು ಹಾಗೇ ಕೂತಿದ್ದ. ಸಂಗು ಕೂಗಲಿಲ್ಲ. ಯಾರಿಗೂ ಏನೂ ಆಗಿಲ್ಲ ಎಂದು ಗೊತ್ತಾದ ಮೇಲೆ ಮತ್ತೆ ಉಪ್ಪು ಕಾಗದ ಕೈಗೆತ್ತಿಕೊಂಡ.

ಸಾಹೇಬರು ಬಾಗಿಲಿಗೆ ಬಂದಾಗ ಅವನೇ ಧೈರ್ಯ ಮಾಡಿ ಕೇಳಿದ, ಚಕ್ರಕ್ಕೆ ಹಳದಿ ಹಚ್ಚಬಹುದೇ ಎಂದು. ಸಾಹೇಬರು ನಕ್ಕರು. "ಏನಪ್ಪ, ಇದೇನು ದಿಬ್ಬಣದ ಎತ್ತಾ? ಗಣಿ ಗಾಡಿಗಳೆಲ್ಲ ಬೂದು ಬಣ್ಣ. ಇದೂ ಬೂದು." ಮುನಿಯಣ್ಣ "ಆಯ್ತು ಸ್ವಾಮಿ" ಅಂದ. ಅವನಿಗೆ ಬೇಕಾಗಿದ್ದದ್ದು ಮೇಲೆ ಉಳಿಯುವುದು. ಬಣ್ಣಕ್ಕಾಗಿ ಜಗಳವಾಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಆದರೂ ಬೇವಿನ ಮರದ ಕಡೆಗೆ ಹೋಗುವಾಗ ಅವನ ಬೆನ್ನು ನೋಡಿ ನನಗೆ ಸಂಕಟವಾಯಿತು.

ರೆಡ್ ಲೆಡ್ ಒಣಗಿದ ದಿನ, ಮುನಿಯಣ್ಣ ಆಸ್ಪತ್ರೆಗೆ ಹೋಗಿದ್ದ ಹೊತ್ತಿನಲ್ಲಿ, ಮೇಸ್ತ್ರಿ ಮೂಲೆಯಿಂದ ಒಂದು ಡಬ್ಬಿ ತಂದರು. ಗಣಿಗೆ ಇಳಿಯುವ ಶಾಫ್ಟಿನ ಬಾಯಿಗೆ ಇರುವ ಕಂಬಿಗಳಿಗೆ, ಜನ ಎಚ್ಚರವಾಗಿರಲಿ ಎಂದು ಹಚ್ಚುತ್ತಿದ್ದ ಹಳದಿ ಬಣ್ಣ ಅದು. ಅಡಿಯಲ್ಲಿ ಸ್ವಲ್ಪ ಉಳಿದಿತ್ತು. ರಿಮ್ಮಿನ ಒಳಮೈ ತೋರಿಸಿ, "ಇಕ್ಕಡ," ಅಂದರು.

"ಒಳಗೆ ಯಾರು ನೋಡ್ತಾರೆ ಮೇಸ್ತ್ರಿ?" ಎಂದೆ.

"ಸಾಹೇಬು ಚೂಡಡು ಕದಾ. ಅದೇ ಚಾಲು." ಸಾಹೇಬ ನೋಡುವುದಿಲ್ಲವಲ್ಲ, ಅಷ್ಟು ಸಾಕು ಎಂದು. "ಮುನಿಯಪ್ಪಕೂ ಚೆಪ್ಪವದ್ದು." ಮುನಿಯಣ್ಣನಿಗೂ ಹೇಳಬೇಡ. ಅದೂ ಸರಿಯೇ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ನನ್ನ ತುಪ್ಪದ ಕಥೆ ಉರಿಗಾಂನಿಂದ ಆ ತುದಿಯ ಮೈಸೂರು ಮೈನ್ಸ್‌ವರೆಗೂ ಹರಡಿದ್ದು ಅವನಿಂದಲೇ.

ನಾನು ಹಚ್ಚಿದೆ. ನನ್ನ ಜೀವನದಲ್ಲಿ ಅಷ್ಟು ಪ್ರೀತಿಯಿಂದ ಬ್ರಷ್ಷು ಎಳೆದದ್ದು ಬೇರೆ ಇಲ್ಲ. ಶೆಡ್ಡಿನ ತಗಡಿನ ತೂತುಗಳಿಂದ ಬಿಸಿಲು ಕೋಲು ಕೋಲಾಗಿ ಬೀಳುತ್ತಿತ್ತು. ಒಂದು ಕೋಲು ರಿಮ್ಮಿನ ಒಳಗೆ ಬಿದ್ದಾಗ ಆ ಹಳದಿ ನನ್ನ ಅಂಗೈಯ ಮೇಲೂ ಮೇಸ್ತ್ರಿಯ ಗಡ್ಡದ ಮೇಲೂ ಹರಡಿತು. ನಮ್ಮ ಊರಿನ ರಾಗಿ ಹೊಲದ ನಡುವೆ ಸಾಲು ಹಿಡಿದು ಅರಳಿದ ಹುಚ್ಚೆಳ್ಳು ಕಣ್ಣಿಗೆ ಬಂತು. ಎಷ್ಟು ಹೊತ್ತು ಕೂತಿದ್ದೆನೋ. ಅಂದು ಮಾತ್ರ ಮೇಸ್ತ್ರಿ ಹಗಲುಗನಸಿನವನೇ ಎಂದು ಕರೆಯಲಿಲ್ಲ, ಅವರೂ ಪಕ್ಕದಲ್ಲೇ ಕೂತಿದ್ದರು. ಒಣಗಿದ ಮೇಲೆ ಹೊರಗೆ ಬೂದು ಹಚ್ಚಿ, ಟೈರು ಏರಿಸಿ, ಗಾಳಿ ಹಿಡಿಸಿದೆವು.

ರೋಲರ್ ಎಳೆಯುವ ದಿನ ನಾನು ಕೆಲಸ ಬಿಟ್ಟು ಮೈದಾನದ ಬೇಲಿಯ ಹತ್ತಿರ ನಿಂತೆ. ಮುನಿಯಣ್ಣ ಟ್ರ್ಯಾಕ್ಟರಿನ ಮೇಲೆ ನೆಟ್ಟಗೆ ಕೂತಿದ್ದ. ಒಂದು ಸುತ್ತು, ಇನ್ನೊಂದು ಸುತ್ತು. ಪ್ರತಿ ಸಲ ನನ್ನ ಮುಂದೆ ಹಾದಾಗಲೂ ನಾನು ಅವನ ಮುಖ ನೋಡದೆ ಚಕ್ರ ನೋಡುತ್ತಿದ್ದೆ. ಸಾಹೇಬರು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಿಸಿಲು ಇಳಿಯಿತು, ದಿಬ್ಬಗಳು ಕೆಂಪಾದವು, ಪುಟ್ಟ ಟ್ರ್ಯಾಕ್ಟರು ಗುಟುಗುಟು ಅನ್ನುತ್ತಾ ಸುತ್ತುತ್ತಲೇ ಇತ್ತು. ಮೈದಾನದಲ್ಲಿ ಚಲಿಸುತ್ತಿದ್ದದ್ದು ಅದೊಂದೇ. ಯಾವಾಗಲೋ ಸಾಹೇಬರು ಎದ್ದು, "ಸರಿ, ಇರಲಿ ಬಿಡಿ," ಎಂದು ಹೊರಟುಹೋದರು. ಅವರು ಹೋದದ್ದು ಗೊತ್ತಾಗಿಯೂ ಮುನಿಯಣ್ಣ ನಿಲ್ಲಿಸಲಿಲ್ಲ.

ಆಮೇಲೆ ಎಷ್ಟೋ ಬದಲಾಯಿತು. ಮೇಸ್ತ್ರಿ ನಿವೃತ್ತರಾಗಿ ಕುಪ್ಪಂಗೆ ಹೋದರು. ಹುಣಸೆ ಹೋಗಿ ಬಾಟಲಿಯಲ್ಲಿ ತುಕ್ಕು ತೆಗೆಯುವ ಆಸಿಡ್ ಬಂತು, ಬ್ರಷ್ಷು ಹೋಗಿ ಸ್ಪ್ರೇ ಬಂತು. ಸ್ಪ್ರೇ ಬೇಗ ಆಗುತ್ತದೆ, ಒಪ್ಪುತ್ತೇನೆ. ಆದರೆ ಅದರಲ್ಲಿ ಬಣ್ಣ ಕೂರುವುದು ಕೈಗೆ ತಿಳಿಯುವುದಿಲ್ಲ. ಶುಭ್ರವಾದ ಸಾಹೇಬರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಬಂದವರಿಗೆ ಯಾವ ಗಾಡಿ ಯಾವ ಬಣ್ಣವಾದರೂ ಸರಿಯೇ.

ಅರವತ್ತರ ದಶಕ ಮುಗಿಯುತ್ತಾ ಬಂದ ಹೊತ್ತು. ಟ್ರ್ಯಾಕ್ಟರಿಗೆ ಹೊಸ ಟೈರು ಬಂದಿತ್ತು. ಮುನಿಯಣ್ಣ ಆಗ ಬಹಳ ಸೊರಗಿದ್ದ, ಆದರೂ ಹಳೆ ಟೈರನ್ನು ತಾನೇ ಮೈದಾನದಲ್ಲಿ ಕೂತು ಬಿಚ್ಚಿದನಂತೆ. ಮಧ್ಯಾಹ್ನ ನಾನು ಶೆಡ್ಡಿನಲ್ಲಿ ಬೋರ್ಡ್ ಬರೆಯುತ್ತಿದ್ದೆ. ರಸ್ತೆಯಲ್ಲಿ ಏನೋ ಉರುಳುವ ಸದ್ದು ಕೇಳಿಸಿತು. ಮುನಿಯಣ್ಣ ಬರಿ ರಿಮ್ಮನ್ನು ಕೈಯಿಂದ ಉರುಳಿಸಿಕೊಂಡು, ನಿಂತು ಉಸಿರು ತೆಗೆದುಕೊಂಡು, ಮತ್ತೆ ಉರುಳಿಸಿಕೊಂಡು ಬರುತ್ತಿದ್ದ. ಒಳಗೆ ತಂದು ನನ್ನ ಮುಂದೆ ಮಲಗಿಸಿ ಕೂತ. ಒಳಮೈ ಪೂರ್ತಿ ಹಳದಿ. ನಾನು ಹಚ್ಚಿದ ದಿನ ಹೇಗಿತ್ತೋ ಹಾಗೇ.

ಉಸಿರು ಹತೋಟಿಗೆ ಬರುವವರೆಗೆ ಅವನು ಅದನ್ನೇ ಸವರುತ್ತಿದ್ದ. "ತುಪ್ಪ ಒಂದ್ ಚೂರೂ ಇಲ್ಲ," ಅಂದ.

"ಮೇಸ್ತ್ರಿ ಹಚ್ಚಿಸಿದ್ದು ಮುನಿಯಣ್ಣ. ನಿನಗೆ ಹೇಳಬೇಡ ಅಂದಿದ್ದರು."

"ಇಷ್ಟು ವರ್ಸ ಇದ್ರ ಮೇಲೇ ಕುಂತಿದ್ನಲ್ಲಪ್ಪ ನಾನು," ಅಂದ. ಅವನ ಕಣ್ಣು ತುಂಬಿತ್ತು. ಮಾತು ಬದಲಿಸಲೆಂದು ಹೇಳಿದೆ: "ಈಗ ಬೇಡ ಅನ್ನೋರು ಯಾರೂ ಇಲ್ಲ. ಡಬ್ಬಿಯಲ್ಲಿ ಹಳದಿ ಇದೆ. ಹೊರಗೂ ಹಚ್ಚಿಬಿಡೋಣ, ಏನಂತೀಯ?"

ಅವನು ಬಾಗಿಲ ಕಡೆ ನೋಡಿದ. ಹೊರಗೆ ಸಂಗು ಕೂಗಿತು, ಶಿಫ್ಟ್ ಮುಗಿಸಿದವರು ಕೇಜಿನಿಂದ ಮೇಲಕ್ಕೆ ಬಂದು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನಮ್ಮ ಬಾಗಿಲ ಮುಂದೆ ಹಾದುಹೋದರು.

"ಬ್ಯಾಡ ನಂಜಾ," ಅಂದ. "ಒಳಗೇ ಇರ್ಲಿ. ಈ ಊರಾಗೆ ಬಂಗಾರ ಇರೋದು ಒಳಗೇ ತಾನೇ."

ಇಬ್ಬರೂ ಸೇರಿ ಹೊಸ ಟೈರು ಏರಿಸಿದೆವು. ಕೊನೆಯ ಅಂಚು ಕೂರುವ ಮುನ್ನ ಅವನು ಬಗ್ಗಿ ಇನ್ನೊಮ್ಮೆ ಒಳಗೆ ನೋಡಿದ.